ಗುಂಡಿಯ ನಡುವಿನ ಗುಡ್ಡೆ ಮತ್ತು ಹನ್ನೆರಡು ಮಂದಿಯ ವಯಸ್ಸಿನ ಕುರಿತು

ಸಂಖ್ಯೆ: ಒ.ಕಾ./ವಯ/ಮೇ.ವಿ./3/1959
(ಇದೇ ಕಡತದ 1 ಮತ್ತು 2ನೆಯ ಸಂಖ್ಯೆಗಳು ತಪ್ಪಾಗಿದ್ದವು. ಇದೂ ಆಗಬಹುದು.)

ಶಿಬಿರ: ತಾಂಬಾ, ಇಂಡಿ ತಾಲೂಕು
ದಿನಾಂಕ: 14 ಮಾರ್ಚ್ 1959, ಶನಿವಾರ

ವಿಷಯ: ಕೆಲಸಗಾರರ ವಯಸ್ಸು ಹೆಚ್ಚಿದಂತೆ ಕೆಲಸ ತಗ್ಗುವುದೇ ಹಾಗೂ ಮೇಲ್ವಿಚಾರಣೆ ಹೆಚ್ಚು ಬೇಕಾಗುವುದೇ ಎಂಬ ಪರೀಕ್ಷೆ, ಪರೀಕ್ಷೆಯಲ್ಲಿ ಈ ಕಚೇರಿಯೇ ನಪಾಸಾದದ್ದು, ಕೆಲಸದಿಂದ ತೆಗೆದ ಹನ್ನೆರಡು ಮಂದಿಯನ್ನು ಮರಳಿ ಸೇರಿಸಿಕೊಳ್ಳುವುದು.

ಉಲ್ಲೇಖ:
(ಅ) ಮೇಲಿನ ಕಚೇರಿಯ ಪ್ರಶ್ನೆ. ಏಳು ದಿನಗಳಲ್ಲಿ ಉತ್ತರಿಸಬೇಕೆಂದಿತ್ತು. ತಲುಪಿದ್ದು ಎಂಟನೆಯ ದಿನ.
(ಆ) ಈ ಕಚೇರಿಯ ಸುತ್ತೋಲೆ 1, ದಿ. 5 ಫೆಬ್ರುವರಿ, ಪರೀಕ್ಷೆ ನಡೆಸುವ ಬಗ್ಗೆ.
(ಇ) ಈ ಕಚೇರಿಯ ಸುತ್ತೋಲೆ 2, ದಿ. 19 ಫೆಬ್ರುವರಿ, ಅಚ್ಚುಕಟ್ಟುತನದ ಬಗ್ಗೆ.
(ಈ) ತಾಂಬಾದ ಶಮಶಾದಬಿ ಎಂಬಾಕೆ ಮಾರ್ಚ್ 3ರಿಂದ 5ರವರೆಗೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತದ್ದು. (ಲಿಖಿತವಲ್ಲ. ಆದರೂ ತಲುಪಿದೆ.)

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹೊಲಗಳಿಗೆ ಒಡ್ಡು ಹಾಕಿಸುತ್ತಿರುವ ಶಿಬಿರಗಳ ಎಲ್ಲ ಕಾರಕೂನರಿಗೆ, ಮೇಸ್ತ್ರಿಗಳಿಗೆ, ಮುಕಾದಮರಿಗೆ, ಹಾಗೂ ಇವರೆಲ್ಲ ಇದ್ದಾಗ್ಯೂ ಹೇಗೋ ಕೆಲಸ ಮಾಡುತ್ತಿರುವ ಜನಕ್ಕೆ ಕೆಳಗಿನ ಸಂಗತಿಗಳನ್ನು ಅರುಹಲಾಗಿದೆ. ಓದಿದವರು ಓದಿದ್ದೇವೆಂದು ಸಹಿ ಮಾಡತಕ್ಕದ್ದು. ಓದದೆ ಸಹಿ ಮಾಡುವ ವಾಡಿಕೆ ಇರುವವರು ಈ ಒಂದು ಸಲ ವಾಡಿಕೆ ಮುರಿಯತಕ್ಕದ್ದು.

1. ಐವತ್ತೈದು ದಾಟಿದ ಕೂಲಿಕಾರರು ಕಡಿಮೆ ಕೆಲಸ ಮಾಡುತ್ತಾರೆ, ಅವರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ಮೇಲಿನವರಿಗೆ ಅನುಮಾನ ಬಂದಿತ್ತು. ಅನುಮಾನ ಮೇಲಿನಿಂದ ಬಂದಾಗ ಅದನ್ನು ಖಾತ್ರಿ ಮಾಡುವುದು ಕೆಳಗಿನವರ ಕರ್ತವ್ಯ. ಆದಕಾರಣ ತಾಂಬಾದ ಒಂದೇ ಹೊಲದಲ್ಲಿ, ಒಂದೇ ಎರೆಮಣ್ಣಿನಲ್ಲಿ, ಇಪ್ಪತ್ತೈದರ ಒಳಗಿನ ಹನ್ನೆರಡು ಮಂದಿಯ ಒಂದು ಟೋಳಿ, ಐವತ್ತೈದು ದಾಟಿದ ಹನ್ನೆರಡು ಮಂದಿಯ ಇನ್ನೊಂದು ಟೋಳಿ ಮಾಡಿ ಆರು ದಿನ ಕೆಲಸ ಮಾಡಿಸಲಾಯಿತು. ಉಳಿದ ತಾಲೂಕುಗಳ ಶಿಬಿರಗಳಿಗೂ ಹೀಗೆಯೇ ಮಾಡಲು ಬರೆಯಲಾಗಿತ್ತು. ಅವುಗಳಲ್ಲಿ ಒಂದು, ಮೇಲ್ವಿಚಾರಕರ ವಯಸ್ಸನ್ನೂ ಎಣಿಸಬೇಕೇ ಎಂದು ಕೇಳಿತು. ಶಿಬಿರದ ಹೆಸರು ಹೇಳುವುದು ಸಭ್ಯತೆಯಲ್ಲ. ಉತ್ತರ ಕೊಡುವ ಧೈರ್ಯ ಈ ಕಚೇರಿಗೆ ಇರಲಿಲ್ಲ.

2. ವಯಸ್ಸು ನಿರ್ಧರಿಸಿದ ಬಗೆ. ಕೂಲಿಕಾರರಲ್ಲಿ ಯಾರಿಗೂ ಜನ್ಮದಿನಾಂಕ ಇರಲಿಲ್ಲ. ಮುದಿ ಟೋಳಿಯ ಶಮಶಾದಬಿಯನ್ನು ಕೇಳಲಾಗಿ ಆಕೆ, "ಪ್ಲೇಗಿನಾಗ ಊರಾಗಿನ ಮಂದಿ ಹೊರಗ ಗುಡಿಸಲಾ ಹಾಕಿದ್ರಲ್ಲ, ಆಗ ನಾ ಒಂದು ಕೊಡ ನೀರು ಹೊರತಿದ್ನಿ" ಎಂದಳು. ಯಾವ ಪ್ಲೇಗು ಎಂದು ಕೇಳಲಾಗಿ, "ಮಂದಿ ಸತ್ತರಲ್ಲ, ಅದು" ಎಂದಳು. ಕಾರಕೂನ ಬಸಂತರಾಯರು ಹಿಂದಿನ ಪ್ಲೇಗಿನಂತೆ ಅರವತ್ತೆಂಟು, ಮುಂದಿನ ಪ್ಲೇಗಿನಂತೆ ಐವತ್ತಾರು ಎಂದು ಎಣಿಸಿ, ನ್ಯಾಯ ಇಬ್ಬರಿಗೂ ಸಿಗಲೆಂದು ಎರಡರ ನಡುವೆ ಅರವತ್ತೆರಡು ಬರೆದರು. ಎರಡನೆಯವರು ಯಾರು ಎಂಬುದನ್ನು ಈವರೆಗೆ ವಿಚಾರಿಸಲಾಗಿಲ್ಲ.

3. ಅದೇ ಟೋಳಿಗೆ ಅಗರಖೇಡದಿಂದ ಬಂದ ಪರಸಪ್ಪನಿಗೆ ಯಾವ ಪ್ಲೇಗೂ ನೆನಪಿರಲಿಲ್ಲ. ಆದ್ದರಿಂದ ಅವನ ಬಾಯಿ ತೆರೆಸಿ ಹಲ್ಲು ನೋಡಲಾಯಿತು. ಹಲ್ಲು ನೋಡಿದವರು ಕೆಳಗೆ ಸಹಿ ಮಾಡಿದ ಅಧಿಕಾರಿಯೇ. ಬಾಯಿ ಮುಚ್ಚಿದ ಮೇಲೆ ಪರಸಪ್ಪ ಆಡಿದ ಮಾತು ದಾಖಲೆಯಲ್ಲಿ ಹೀಗಿದೆ: "ಸಂತ್ಯಾಗ ಎತ್ತಿಗೂ ಹಿಂಗ ಹಲ್ಲು ಹಿಡದು ನೋಡ್ತಾರ್ರಿ ಸಾಹೇಬ್ರ. ಆದರ ನೋಡಿದ ಮ್ಯಾಲ ಒಂದು ಹಿಡಿ ಮೇವರ ಹಾಕ್ತಾರ." ಇದನ್ನು ವಿನೋದವೆಂದು ತಿಳಿದು ಅಧಿಕಾರಿ ನಕ್ಕರು. ನಕ್ಕದ್ದನ್ನು ಈ ಮೂಲಕ ಹಿಂತೆಗೆದುಕೊಳ್ಳಲಾಗಿದೆ.

4. ಮೇಲ್ವಿಚಾರಣೆ. ಹರೆಯದ ಟೋಳಿಯ ಮೇಲೆ ಒಬ್ಬ ಮುಕಾದಮ, ಮುಕಾದಮನ ಮೇಲೆ ಒಬ್ಬ ಮೇಸ್ತ್ರಿ, ಮೇಸ್ತ್ರಿಯ ಮೇಲೆ ಇಬ್ಬರು ಕಾರಕೂನರನ್ನು ನೇಮಿಸಲಾಯಿತು. ಅಷ್ಟರಲ್ಲಿ ಮೇಲ್ವಿಚಾರಕರು ತೀರಿದ್ದರಿಂದ ಮುದಿ ಟೋಳಿಯ ಮೇಲೆ ಯಾರನ್ನೂ ನೇಮಿಸಲಾಗಲಿಲ್ಲ. ಮುದುಕರಿಗೆ ಹೆಚ್ಚು ಮೇಲ್ವಿಚಾರಣೆ ಬೇಕೇ ಎಂಬುದೇ ಪ್ರಶ್ನೆಯಾಗಿದ್ದಾಗ ಅವರಿಗೆ ಮೇಲ್ವಿಚಾರಣೆಯನ್ನೇ ಕೊಡದಿದ್ದುದು ಶಾಸ್ತ್ರೀಯವೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವರು ಸಹಿ ಮಾಡುತ್ತಿದ್ದರು.

5. ಇಲ್ಲಿ ಗುಡ್ಡೆಯ ವಿಚಾರ. ಮಳೆಯ ನೀರು ಹೊಲದ ಮಣ್ಣನ್ನು ಒಯ್ಯಬಾರದೆಂದು ಒಡ್ಡು ಹಾಕುತ್ತಾರೆ. ಒಡ್ಡಿಗೆ ಬೇಕಾದ ಮಣ್ಣನ್ನು ಪಕ್ಕದಲ್ಲಿ ಗುಂಡಿ ತೋಡಿ ತೆಗೆಯುತ್ತಾರೆ. ತೋಡುವಾಗ ಗುಂಡಿಯ ನಟ್ಟನಡುವೆ ಒಂದು ಮೊಳ ಅಗಲದ ಮಣ್ಣನ್ನು ಮುಟ್ಟದೆ ಹಾಗೆಯೇ ನಿಲ್ಲಿಸುತ್ತಾರೆ. ಅದರ ನೆತ್ತಿ ಎಂದರೆ ಮೊದಲಿನ ನೆಲ. ಅದರ ಬುಡ ಎಂದರೆ ಮಾಡಿದ ಕೆಲಸ. ನೆತ್ತಿಯಿಂದ ಬುಡಕ್ಕೆ ಟೇಪು ಹಿಡಿದರೆ ಎಷ್ಟು ತೋಡಿದರೆಂಬುದು ತಿಳಿಯುತ್ತದೆ. ಇದು ಗುರುತಿನ ಗುಡ್ಡೆ. ಓದು ಬರಹ ಬಾರದವರು ಕಂಡುಹಿಡಿದ ಹಾಜರಿಪಟ್ಟಿ ಎಂದರೂ ನಡೆದೀತು.

6. ಫೆಬ್ರುವರಿ 19ರಂದು ಮೇಲಿನ ಸಾಹೇಬರು ಕಾಮಗಾರಿ ನೋಡಲು ಬರುವರೆಂದು ಸುದ್ದಿ ಬಂತು. ಗುಂಡಿಗಳ ನಡುವೆ ಮಣ್ಣಿನ ಮುದ್ದೆಗಳು ನಿಂತಿರುವುದು ಕಣ್ಣಿಗೆ ಚೆಂದವಲ್ಲವೆಂದು ಈ ಅಧಿಕಾರಿಗೆ ತೋರಿತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಂದಿನವರೆಗೆ ಆತ ಗುಂಡಿಯೊಳಗೆ ಇಳಿದದ್ದು ಎರಡು ಸಲ, ಎರಡನೆಯ ಸಲ ಜಾರಿ. ಎಲ್ಲ ಗುಂಡಿಗಳಲ್ಲಿಯ ಮುದ್ದೆಗಳನ್ನು ಸಂಜೆಯೊಳಗೆ ಕಡಿದು ಸಮ ಮಾಡತಕ್ಕದ್ದೆಂದು ಸುತ್ತೋಲೆ 2 ಹೊರಟಿತು. ಸಾಹೇಬರು ಬರಲಿಲ್ಲ. ಸುತ್ತೋಲೆ ಬಂತು.

7. ಹರೆಯದ ಟೋಳಿಯ ನಾಲ್ವರು ಮೇಲ್ವಿಚಾರಕರಲ್ಲಿ ಪ್ರತಿಯೊಬ್ಬರೂ ಉಳಿದ ಮೂವರು ಓದಿ ಹೇಳುವರೆಂದು ನಂಬಿ ಸುತ್ತೋಲೆಯನ್ನು ಕಿಸೆಯಲ್ಲಿಟ್ಟುಕೊಂಡರು. ಅಲ್ಲಿನ ಗುಡ್ಡೆಗಳು ಬದುಕಿಕೊಂಡವು. ಮುದಿ ಟೋಳಿಗೆ ಮೇಲ್ವಿಚಾರಕರಿಲ್ಲದ್ದರಿಂದ ಕಚೇರಿಯ ಜವಾನ, ಪಟ್ಟೇವಾಲಾ ನಬಿಲಾಲ ಸೈಕಲ್ ಮೇಲೆ ಹೋಗಿ, ದಂಡೆಯ ಮೇಲೆ ನಿಂತು, ಪೂರಾ ಓದಿ ಹೇಳಿದ. ನಬಿಲಾಲನ ಹೇಳಿಕೆಯಂತೆ ಶಮಶಾದಬಿ ಸಲಿಕೆಯ ಮೇಲೆ ಗದ್ದವಿಟ್ಟು ಕೇಳಿ, "ಗುಡ್ಡಿ ಕಡದ್ರ ನಾಳೆ ಅಳತಿ ಹೆಂಗ ಮಾಡ್ತೀರೋ, ತಮ್ಮಾ? ನಿಮ್ಮ ಸಾಹೇಬಗ ಯಾರರ ತಿಳದವ್ರು ಹೇಳ್ಯಾರಿಲ್ಲೋ?" ಎಂದಳು. ನಬಿಲಾಲ, "ಆಯಿ, ನಾ ಓದಾವ ಅದೇನಿ. ಬರದಾಂವ ಅಲ್ಲ" ಎಂದ. ಆ ಸಂಜೆ ಅವರು ಹನ್ನೊಂದು ಗುಡ್ಡೆಗಳನ್ನೂ ಕಡಿದು, ಗುಂಡಿಗಳ ತಳವನ್ನು ಅಂಗಳದಂತೆ ಬಳಿದರು. ನಾಲ್ಕೂ ತಾಲೂಕುಗಳಲ್ಲಿ ಈ ಅಧಿಕಾರಿಯ ಆದೇಶ ಅಕ್ಷರಶಃ ಪಾಲನೆಯಾದ ಏಕೈಕ ಉದಾಹರಣೆ ಇದು.

8. ಶನಿವಾರ ಅಳತೆ ನಡೆಯಿತು. ನಮೂನೆಯಲ್ಲಿ 'ಗುಡ್ಡೆಯ ಎತ್ತರ' ಎಂಬ ಒಂದೇ ಅಂಕಣವಿದೆ. ಹರೆಯದ ಟೋಳಿಯ ಅಂಕಣ ತುಂಬಿತು. ಮುದಿ ಟೋಳಿಯ ಗುಂಡಿಗಳಲ್ಲಿ ಗುಡ್ಡೆ ಇಲ್ಲ. ಗುಡ್ಡೆ ಇಲ್ಲವೆಂದರೆ ಎತ್ತರ ಸೊನ್ನೆ. ಎತ್ತರ ಸೊನ್ನೆ ಎಂದರೆ ಕೆಲಸ ಸೊನ್ನೆ. ಅಧಿಕಾರಿಯು ಸೊಂಟದಷ್ಟು ಆಳದ ಗುಂಡಿಯಲ್ಲಿ ನಿಂತುಕೊಂಡೇ 'ತೋಡಿರುವುದಿಲ್ಲ' ಎಂದು ಬರೆದರು. ವಯಸ್ಸಾದವರು ಏನೂ ಮಾಡುವುದಿಲ್ಲವೆಂದು ವರದಿ ಮೇಲೆ ಹೋಯಿತು. ಮೇಲಿನವರಿಗೆ ಹಿತವಾಯಿತು. ಐವತ್ತೈದು ದಾಟಿದವರನ್ನು ಇಟ್ಟುಕೊಳ್ಳಬಾರದೆಂದು ನಾಲ್ಕೇ ದಿನಗಳಲ್ಲಿ ಅಪ್ಪಣೆ ಬಂತು. ಈ ಇಲಾಖೆಯಲ್ಲಿ ಯಾವ ಉತ್ತರವೂ ಅಷ್ಟು ಬೇಗ ಬಂದದ್ದು ಕೇಳರಿಯೆವು. ಮಾರ್ಚ್ 2, ಸೋಮವಾರ, ಹನ್ನೆರಡೂ ಮಂದಿಯ ಹೆಸರನ್ನು ಹಾಜರಿಪಟ್ಟಿಯಿಂದ ಹೊಡೆದುಹಾಕಲಾಯಿತು.

9. ಮಾರ್ಚ್ 3ರಂದು ಶಮಶಾದಬಿ ಬಂದು ಮೆಟ್ಟಿಲ ಮೇಲೆ ಕುಳಿತಳು. ಅರ್ಜಿ ಬರೆದು ತರಲು ಹೇಳಲಾಯಿತು. "ನಾ ಒಡ್ಡಿನ ಮ್ಯಾಲ ಬರದೇನಿ, ಹೋಗಿ ಓದ್ಕೊಳ್ರಿ" ಎಂದಳು. ಮರುದಿನವೂ ಕುಳಿತಳು. ಮೂರನೆಯ ದಿನ ಆಕೆಯನ್ನು ಒಳಗೆ ಕರೆದು ಹೇಳಿಕೆ ಬರೆದುಕೊಳ್ಳಲಾಯಿತು. ಅದು ಕೆಳಗಿನಂತಿದೆ, ತಿದ್ದಿಲ್ಲ:

"ನಾ ಮುದಕಿ ಅದೇನಿ, ಅದಕ್ಕ ತಕರಾರಿಲ್ಲ. ನಿಮ್ಮ ಕನ್ನಡಿ ನಿಮಗೂ ಅದನ್ನ ಹೇಳಬೇಕಲ್ರಿ. ಕೆಲಸ ಮಾಡಿಲ್ಲಂದ್ರಿ, ಅದಕ್ಕ ಬಂದೇನಿ. ಗುಂಡ್ಯಾಗಿಂದ ತಗದ ಮಣ್ಣು ಮುಗಲಿಗೆ ಹೋಗಿಲ್ರಿ, ಒಡ್ಡಿನ ಮ್ಯಾಲ ಕುಂತೈತಿ. ಅದನ್ನ ಅಳೀರಿ. ಹುಡುಗರು ನಮಕಿಂತ ಜೋರು ಅದಾರ, ಸುಳ್ಳ್ಯಾಕ ಹೇಳಲಿ. ಆದರ ಪಾಪ, ಅವರು ಸಲಿಕಿ ಎತ್ತೂದ್ರಾಗ ಮುಕಾದಮ ಬರ್ತಾನ, ಎದ್ದು ನಿಂದರಬೇಕು. ಮೇಸ್ತ್ರಿ ಬರ್ತಾನ, ಎದ್ದು ನಿಂದರಬೇಕು. ಕಾರಕೂನ್ರು ಇಬ್ರೂ ಬ್ಯಾರೆ ಬ್ಯಾರೆ ಬರ್ತಾರ. ನಮ್ಮ ಕಡಿಗೆ ಯಾರೂ ಬರಲಿಲ್ರಿ, ದೇವರು ದೊಡ್ಡಾಂವ. ಬಗ್ಗಿದವ್ರು ಬಗ್ಗೇ ಇದ್ವಿ. ಈ ವಯಸ್ಸಿನ್ಯಾಗ ಏಳೂದ ತ್ರಾಸು, ದುಡಿಯೂದಲ್ಲ. ಇನ್ನೊಂದು ಕೇಳ್ತೇನ್ರಿ. ನಮ್ಮ ಗುಡ್ಡಿ ನೀವು ಕಡಿಸಿದ್ರಿ. ನೀವು ಇಷ್ಟು ವರ್ಷ ಈ ಕುರ್ಚಿ ಮ್ಯಾಲ ಕುಂತು ಏನು ತೋಡೀರಿ ಅನ್ನೂದಕ್ಕ ಗುಡ್ಡಿ ಎಲ್ಲೈತಿ? ತೋರಸ್ರಿ, ನೋಡಿ ಹೋಗ್ತೇನಿ."

ಅಧಿಕಾರಿಯು ಮೇಜಿನ ಸುತ್ತ ನೋಡಿದರು. ಮೇಜಿನ ಕೆಳಗೂ ನೋಡಿದರು.

10. ಒಡ್ಡನ್ನು ಅಳೆಯಲು ನಮೂನೆಯಿರಲಿಲ್ಲ. ಆದರೂ ಮಾರ್ಚ್ 7ರಂದು, ನಮೂನೆಯಿಲ್ಲದೆ, ಅಧಿಕಾರಿಯೇ ಬಗ್ಗಿ ಟೇಪು ಹಿಡಿದು ಎರಡೂ ಒಡ್ಡುಗಳನ್ನು ಅಳೆದರು. ಬ್ರಾಸ್ ಎಂದರೆ ನೂರು ಘನ ಅಡಿ. ಹರೆಯದ ಹನ್ನೆರಡು ಮಂದಿ ಹಾಕಿದ ಮಣ್ಣು ಇಪ್ಪತ್ತೇಳೂವರೆ ಬ್ರಾಸ್. ಮುದಿ ಹನ್ನೆರಡು ಮಂದಿಯದು ಇಪ್ಪತ್ತೆಂಟು. ವ್ಯತ್ಯಾಸದ ಅರ್ಧ ಬ್ರಾಸ್ ಎದ್ದು ನಿಲ್ಲುವುದರಲ್ಲಿ ಹೋಗಿದೆಯೆಂದು ಲೆಕ್ಕ ಹಾಕಲಾಗಿದೆ. ನಾಲ್ವರು ಮೇಲ್ವಿಚಾರಕರು ಸೇರಿ ಹಾಕಿದ ಮಣ್ಣು ಸೊನ್ನೆ. ಅವರ ಸರಾಸರಿ ವಯಸ್ಸು ಮೂವತ್ತಾರು. ಅಳೆದು ಎದ್ದೇಳಲು ಅಧಿಕಾರಿಗೆ ಪರಸಪ್ಪನ ಕೈ ಬೇಕಾಯಿತು. ಕೆಲಸದಿಂದ ತೆಗೆದವನು ಕೆಲಸದ ಸ್ಥಳಕ್ಕೆ ಏಕೆ ಬಂದನೆಂದು ಕೇಳಲು ಆಗ ಹೊಳೆಯಲಿಲ್ಲ. ಪರಸಪ್ಪ ಕೈ ಕೊಡುತ್ತ, "ಬಾಯಿ ತಗೀರಿ ಸಾಹೇಬ್ರ, ವಯಸ್ಸು ನೋಡೂನು" ಎಂದ. ಈ ಸಲ ಯಾರು ನಕ್ಕರೆಂಬುದನ್ನು ದಾಖಲಿಸಿಲ್ಲ.

11. ಮೇಲಿನ ಸಂಗತಿಗಳಿಂದ ತಿಳಿದುಬಂದುದೇನೆಂದರೆ: ವಯಸ್ಸಿಗೂ ಕೆಲಸಕ್ಕೂ ಇರುವ ಸಂಬಂಧವನ್ನು ಹೇಳಲು ಮೊದಲು ವಯಸ್ಸು ಗೊತ್ತಿರಬೇಕು, ಆಮೇಲೆ ಕೆಲಸ ಗೊತ್ತಿರಬೇಕು; ಈ ಕಚೇರಿಗೆ ಎರಡೂ ಗೊತ್ತಿಲ್ಲ. ಮೇಲ್ವಿಚಾರಣೆಯ ಅಗತ್ಯವು ಮೇಲ್ವಿಚಾರಕರ ಸಂಖ್ಯೆಯೊಂದಿಗೆ ಏರುತ್ತದೆ. ಆದ್ದರಿಂದ ಈ ಕೆಳಗಿನಂತೆ ವಿಧಿಸಲಾಗಿದೆ.

(ಕ) ಮನುಷ್ಯರ ಹಲ್ಲು ನೋಡತಕ್ಕದ್ದಲ್ಲ. ನೋಡಲೇಬೇಕಾದಲ್ಲಿ ನೋಡುವವರು ತಮ್ಮದನ್ನು ಮೊದಲು ತೋರಿಸತಕ್ಕದ್ದು. ಕಟ್ಟಿಸಿಕೊಂಡ ಹಲ್ಲುಗಳನ್ನು ತೆಗೆದು ಕೈಯಲ್ಲಿ ಹಿಡಿಯತಕ್ಕದ್ದು.

(ಖ) ಮೇಲ್ವಿಚಾರಕ ಬಂದಾಗ ಕೆಲಸದಲ್ಲಿರುವವರು ಏಳತಕ್ಕದ್ದಲ್ಲ. ಕೆಲಸದಲ್ಲಿರುವವರ ಮುಂದೆ ಮೇಲ್ವಿಚಾರಕನು ಏಳತಕ್ಕದ್ದು. ಆತ ಮೊದಲೇ ನಿಂತಿದ್ದರೆ ಕುಳಿತು ಏಳತಕ್ಕದ್ದು.

(ಗ) ಮೇಲ್ವಿಚಾರಕರನ್ನು ನೋಡಿಕೊಳ್ಳಲು ಹೊಸಬರನ್ನು ನೇಮಿಸುವುದಿಲ್ಲ. ನಾಲ್ವರೂ ಬೇವಿನ ಮರದ ಕೆಳಗೆ ದುಂಡಗೆ ಕುಳಿತು, ಪ್ರತಿಯೊಬ್ಬರೂ ತಮ್ಮ ಎಡಗಡೆಯವರ ಮೇಲ್ವಿಚಾರಣೆ ಮಾಡತಕ್ಕದ್ದು. ಎಲ್ಲರಿಗೂ ನಿದ್ದೆ ಬಂದಲ್ಲಿ ವರದಿ ಬೇಡ. ಅಷ್ಟು ಹೊತ್ತು ಕೆಲಸ ಚೆನ್ನಾಗಿ ನಡೆದಿರುತ್ತದೆ.

(ಘ) ಕಚೇರಿಯಲ್ಲಿಯೂ ಗುರುತಿನ ಗುಡ್ಡೆ ಬಿಡತಕ್ಕದ್ದು. ಪ್ರತಿ ಕಾರಕೂನನು ಬೆಳಿಗ್ಗೆ ತನ್ನ ಮೇಜಿನ ಮೇಲಿನ ಕಾಗದಗಳ ನಡುವೆ ಒಂದು ಕಟ್ಟನ್ನು ಮುಟ್ಟದೆ ಬಿಟ್ಟು, ಸುತ್ತಲಿನವನ್ನು ವಿಲೇವಾರಿ ಮಾಡಿ, ಸಂಜೆ ಎತ್ತರ ಅಳೆಸಿಕೊಳ್ಳತಕ್ಕದ್ದು. ಇದನ್ನು ಕಳೆದ ಸೋಮವಾರದಿಂದ ಪ್ರಯೋಗಿಸಲಾಗಿ, ಬುಧವಾರದ ಹೊತ್ತಿಗೆ ಎಲ್ಲ ಮೇಜುಗಳ ಮೇಲೂ ಗುಡ್ಡೆಗಳೇ ಇದ್ದವು, ಗುಂಡಿ ಎಲ್ಲಿಯೂ ಇರಲಿಲ್ಲ. ಬಸಂತರಾಯರದು ಅತಿ ಎತ್ತರದ್ದಾಗಿ, ಅದರ ಹಿಂದೆ ಅವರಿದ್ದಾರೆಯೇ ಎಂಬುದನ್ನು ಕೂಗಿ ಖಚಿತಪಡಿಸಿಕೊಳ್ಳಬೇಕಾಯಿತು. ಪ್ರಯೋಗ ಮುಂದುವರಿಯುತ್ತದೆ.

(ಙ) ವಯಸ್ಸು. ಈ ಕಚೇರಿಯ ಹದಿನಾಲ್ಕು ನೌಕರರೂ ಜೂನ್ 1ರಂದೇ ಹುಟ್ಟಿದ್ದಾರೆ. ಅವರವರ ಸಾಲಿ ಮಾಸ್ತರರು ಹೆಸರು ದಾಖಲಿಸುವಾಗ ತಮ್ಮ ಅನುಕೂಲಕ್ಕೆ ತಕ್ಕಂತೆ ಹುಟ್ಟಿಸಿದ ದಿನವದು. ಕೆಳಗೆ ಸಹಿ ಮಾಡಿದವರಿಗೆ ದಾಖಲೆಯಂತೆ ಐವತ್ತಮೂರು, ಅವರ ತಾಯಿಯ ಎಣಿಕೆಯಂತೆ ಐವತ್ತಾರು. ತಾಯಿ ಅಲ್ಲಿ ಹಾಜರಿದ್ದರು, ಮಾಸ್ತರರು ಇರಲಿಲ್ಲ. ಅಂದರೆ ಐವತ್ತೈದು ದಾಟಿದವರ ಹೆಸರನ್ನು ಹೊಡೆದುಹಾಕಿದ ಕೈಯೇ ಐವತ್ತೈದು ದಾಟಿದೆ.

(ಚ) ಮಾಸ್ತರರ ಕೃಪೆಯು ಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಆದಕಾರಣ ಹನ್ನೆರಡೂ ಮಂದಿಗೆ ಈ ದಿನದಿಂದ ಜನ್ಮದಿನಾಂಕ ಕೊಡಲಾಗಿದೆ: ಜೂನ್ 1, ಕೆಳಗೆ ಸಹಿ ಮಾಡಿದವರು ಹುಟ್ಟಿದರೆಂದು ಬರೆದಿರುವ ವರ್ಷವೇ. ಎಲ್ಲರ ವಯಸ್ಸೂ ಐವತ್ತಮೂರು. ಇದು ಸುಳ್ಳೆಂದು ಯಾರಿಗಾದರೂ ತೋರಿದಲ್ಲಿ ಮೊದಲು ಅಧಿಕಾರಿಯನ್ನು ತೆಗೆದು, ಆಮೇಲೆ ಶಮಶಾದಬಿಯ ಕಡೆಗೆ ಹೋಗತಕ್ಕದ್ದು.

(ಛ) ಹನ್ನೆರಡು ಮಂದಿಯೂ ಮಾರ್ಚ್ 16, ಸೋಮವಾರ ಬೆಳಿಗ್ಗೆ ಅದೇ ಗುಂಡಿಗಳಲ್ಲಿ ಕೆಲಸಕ್ಕೆ ಇಳಿಯತಕ್ಕದ್ದು. ಕೂತು ಕಳೆದ ಹದಿನಾಲ್ಕು ದಿನಗಳು ಈ ಕಚೇರಿಯ ತಪ್ಪಿನಿಂದಾದ್ದರಿಂದ ಹಾಜರಿಯೆಂದೇ ಹಿಡಿಯತಕ್ಕದ್ದು. ಅವರು ಗುಡ್ಡೆ ಬಿಡತಕ್ಕದ್ದು. ಅದನ್ನು ಕಡಿಯಲು ಹೇಳುವ ಯಾವುದೇ ಸುತ್ತೋಲೆ ಬಂದರೆ, ಸಹಿ ಯಾರದೇ ಇರಲಿ, ಅದನ್ನು ಬುತ್ತಿ ಕಟ್ಟಲು ಬಳಸತಕ್ಕದ್ದು.

12. ಅಧಿಕಾರಿಯು ತನ್ನ ತಪ್ಪನ್ನು ಬರೆದು ಮೇಲೆ ಕಳಿಸಲು ನಮೂನೆ ಬೇಡಲಾಗಿತ್ತು. ಅಂಥ ನಮೂನೆ ಮುಂಬಯಿ ಕಾಲದಲ್ಲಿಯೂ ಇರಲಿಲ್ಲ, ಮೈಸೂರಿಗೆ ಸೇರಿದ ಮೇಲೂ ಅಚ್ಚಾಗಿಲ್ಲವೆಂದು ತಿಳಿದುಬಂತು. ಆದ್ದರಿಂದ ಈ ಸುತ್ತೋಲೆಯನ್ನೇ ಆ ನಮೂನೆಯೆಂದು ತಿಳಿಯತಕ್ಕದ್ದು. ಇದನ್ನು ಕಡತಕ್ಕೆ ಸೇರಿಸಿ ಸಮ ಮಾಡತಕ್ಕದ್ದಲ್ಲ. ಎಲ್ಲರಿಗೂ ಕಾಣುವಲ್ಲಿ ಹಾಗೆಯೇ ನಿಲ್ಲಿಸತಕ್ಕದ್ದು.

ಸಹಿ/-
(ಹೆಸರು ಓದಲು ಬರುವುದಿಲ್ಲ. ಮೂವತ್ತೊಂದು ವರ್ಷದಿಂದ ಬಂದಿಲ್ಲ.)
ಶಿಬಿರಾಧಿಕಾರಿ, ವಯಸ್ಸು 53/56

ಪ್ರತಿಗಳು:
1. ಮೇಲಿನ ಕಚೇರಿಗೆ, ಅವರ ಪ್ರಶ್ನೆಯನ್ನು ಮರಳಿಸುತ್ತ.
2. ನಾಲ್ಕೂ ತಾಲೂಕುಗಳ ಶಿಬಿರಗಳಿಗೆ. ಕಿಸೆಯಲ್ಲಿಡಬಾರದು.
3. ಕಾರಕೂನ ಬಸಂತರಾಯರಿಗೆ, ಅವರ ಗುಡ್ಡೆಯ ಮೇಲಿನಿಂದ ಒಳಗೆ ಹಾಕುವುದು.
4. ಅಗರಖೇಡದ ಪರಸಪ್ಪನಿಗೆ, ಒಂದು ಹಿಡಿ ಶೇಂಗಾ ಮತ್ತು ಬೆಲ್ಲದೊಂದಿಗೆ.
5. ಅಧಿಕಾರಿಯ ತಾಯಿಯವರಿಗೆ, ಕಲಂ 11(ಙ) ದೃಢಪಡಿಸಲು.
6. ತಾಂಬಾದ ಶಮಶಾದಬಿಗೆ, ನಬಿಲಾಲನ ಕೈಯಿಂದ, ಸೋಮವಾರ ಬೆಳಿಗ್ಗೆ ಕೆಲಸದ ಸ್ಥಳದಲ್ಲಿ ಗಟ್ಟಿಯಾಗಿ ಓದಿ ಹೇಳಿ ಮುಟ್ಟಿಸುವುದು.

ಪ್ರತಿ 6ರ ಬಗ್ಗೆ ಪಟ್ಟೇವಾಲಾನ ಷರಾ, ದಿ. 16 ಮಾರ್ಚ್: "ಹನ್ನೆರಡೂ ಮಂದಿ ಇಳದಾರ. ಓದಿ ಹೇಳೇನಿ. ಆಯಿ ಕೆಲಸದಾಗ ಇದ್ಲು, ಏಳಲಿಲ್ಲ. ಕಾಗದ ಎಲ್ಲಿಡಲಿ ಅಂದ್ರ, ಗುಡ್ಡಿ ಮ್ಯಾಲ ಇಡು ಅಂದ್ಲು. ಇಟ್ಟೇನಿ. ಗಾಳಿಗೆ ಹಾರಬಾರದಂತ ಮ್ಯಾಲೊಂದು ಮಣ್ಣಿನ ಹೆಂಟಿ ಇಟ್ಟು ಬಂದೇನಿ."