ಶನಿಯ ಜಾಗ ಖಾಲಿ ಇದೆ

ಗ್ರಹಗಳನ್ನು ನಾನು ನಂಬುವುದಿಲ್ಲ, ಪಾಠ ಮಾಡುತ್ತೇನೆ ಅಷ್ಟೆ. ಹಿರೀಸಾವೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ನನಗೆ ರಾಹುಕಾಲವೂ ಒಂದೇ, ಊಟದ ಬಿಡುವೂ ಒಂದೇ. ಮಂಗಳವಾರವೇ ಕ್ಷೌರ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿದು, ಅಂದು ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಮನೆಯಲ್ಲೇ ಕತ್ತರಿಯಾಡಿಸಿಕೊಂಡು, ತಿಂಗಳಿಡೀ ಟೋಪಿ ಹಾಕಿಕೊಂಡು ತಿರುಗಿದವನು ನಾನು. ಈ ವಿಷಯದಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿ ಎಂದು ಕನ್ನಡದ ಮೇಡಂ ಅಭಿಪ್ರಾಯ.

ಈ ಸಲದ ವಿಜ್ಞಾನ ಮೇಳಕ್ಕೆ ಚನ್ನರಾಯಪಟ್ಟಣದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆಂದು ಗೊತ್ತಾದಾಗ, ನಾನು ಸೌರಮಂಡಲವನ್ನೇ ಮೈದಾನಕ್ಕೆ ಇಳಿಸಲು ಹೊರಟೆ. ಬಾವುಟದ ಕಂಬವೇ ಸೂರ್ಯ. ಸುತ್ತ ಸುಣ್ಣದ ಪುಡಿಯಲ್ಲಿ ಎಂಟು ಕಕ್ಷೆ. ಎಂಟನೇ ಕ್ಲಾಸಿನ ಎಂಟು ಮಕ್ಕಳ ಕತ್ತಿಗೆ ಗ್ರಹದ ಹೆಸರು ಬರೆದ ರಟ್ಟು. ಬುಧ ಓಡಬೇಕು, ಭೂಮಿ ನಡೆಯಬೇಕು, ಶನಿ ತೆವಳಬೇಕು. ಭೂಮಿ ಮೂವತ್ತು ಸುತ್ತು ಹಾಕುವ ಹೊತ್ತಿಗೆ ಶನಿಯದು ಹೆಚ್ಚುಕಡಿಮೆ ಒಂದೇ ಸುತ್ತು. ನಿಧಾನಸ್ಥೆ ಎಂದು ಆ ರಟ್ಟನ್ನು ಲಾವಣ್ಯಳಿಗೆ ಹಾಕಿದೆ. ಅದೇ ಕ್ಲಾಸಿನ ನನ್ನ ಮಗಳು ಸಿಂಚನಾಳಿಗೆ ಗುರು.

ಮೇಳದ ಹಿಂದಿನ ದಿನ ತಾಲೀಮು ನಡೆದಿರುವಾಗ, ಹೈವೇ ಪಕ್ಕ ಹೋಟೆಲಿಟ್ಟಿರುವ ಲಾವಣ್ಯಳ ತಾಯಿ ಜಯಮ್ಮ ಹಿಟ್ಟಿನ ಕೈಯಲ್ಲೇ ಬಂದುಬಿಟ್ಟರು.

"ಸನಿ ಮಾಡಕ್ಕೆ ನನ್ ಮಗ್ಳೇ ಬೇಕಿತ್ತಾ ಸಾ? ನಮ್ಮನೆ ಸಾಡೇಸಾತಿ ಮೊನ್ನೆ ತಾನೆ ಮುಗ್ದೈತೆ. ಸನಿವಾರ ಸನಿವಾರ ಎಳ್ಳೆಣ್ಣೆ ದೀಪ ಅಚ್ಚಿ ಸಾಕಾಗೋಗೈತೆ. ಬಿಟ್ಟೋದ ಸನೀನ ನೀವು ತಂದು ಕತ್ತಿಗೇ ಕಟ್ಟಿದ್ದೀರಲ್ಲ!"

"ಅದು ಬರೀ ಅನಿಲದ ಉಂಡೆ ಕಣಮ್ಮ. ಅದಕ್ಕೆ ಹಿರೀಸಾವೆ ಎಲ್ಲಿದೆ ಅಂತಲೂ ಗೊತ್ತಿಲ್ಲ" ಎಂದೆ. ಜಯಮ್ಮ ಜಗ್ಗಲಿಲ್ಲ. ಬೇರೆ ಯಾರು ನಿಲ್ಲುತ್ತೀರಿ ಎಂದು ಕೇಳಿದರೆ ಮಕ್ಕಳೆಲ್ಲ ನೆಲ ನೋಡಿದರು. ಶನಿಯೇ ಇಲ್ಲದ ಸೌರಮಂಡಲ ತೋರಿಸಿದರೆ ಸಾಹೇಬರ ಮುಂದೆ ನನ್ನ ಮರ್ಯಾದೆ ಏನಾಗಬೇಕು?

"ಅಂಗಾರೆ ನಿಮ್ ಮಗ್ಳನ್ನೇ ನಿಲ್ಸಿ ಸಾ. ಅವ್ಳಿಗೆ ಗುರು, ನಮ್ಮೆಣ್ಗೆ ಸನಿ, ಇದ್ಯಾವ ನ್ಯಾಯ?"

ಎತ್ತರ ನೋಡಿ ಹಂಚಿದ್ದು ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಿಂಚನಾ ತನ್ನ ರಟ್ಟು ಬಿಚ್ಚಿ ಲಾವಣ್ಯಳಿಗೆ ಚಾಚಿದ್ದಳು. "ಕೊಡೇ ಇಲ್ಲಿ, ನಾನೇ ಶನಿ ಆಗ್ತೀನಿ. ಉಂಗುರ ಚೆನ್ನಾಗಿದೆ."

ವಿಜ್ಞಾನದ ಮೇಷ್ಟ್ರು ಹೆಮ್ಮೆಪಡಬೇಕಾದ ಗಳಿಗೆ. ನಾನೋ "ಬೇಡ! ನೀನು ಗುರುವಾಗಿಯೇ ಇರು" ಎಂದು ಕಿರುಚಿದವನೇ ಶನಿಯ ರಟ್ಟು ಕಿತ್ತುಕೊಂಡು ನನ್ನ ಕೊರಳಿಗೇ ಹಾಕಿಕೊಂಡೆ.

ಜಯಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು. "ನಿಮ್ಗೂ ದಿಗಿಲೈತೆ ಬುಡಿ ಸಾ" ಎಂದು ಸಮಾಧಾನದಿಂದಲೇ ಹೊರಟುಹೋದರು.

ಮಾರನೇ ದಿನ ಬೇಲಿಯಂಚಿನಲ್ಲಿ ತೆವಳುತ್ತಿದ್ದ ನನ್ನನ್ನು, ಶನಿಯಾಗಲು ಯಾರೂ ಒಪ್ಪದ ಕಥೆ ಕೇಳಿದ್ದ ಸಾಹೇಬರು ವೇದಿಕೆಗೆ ಕರೆಸಿ, ಮೂಢನಂಬಿಕೆಯನ್ನು ಮೆಟ್ಟಿ ನಿಂತ ಮೇಷ್ಟ್ರು ಎಂದು ಶಾಲು ಹೊದಿಸಿದರು. ಭರ್ಜರಿ ಚಪ್ಪಾಳೆ. ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಸಿಂಚನಾ ಕೇಳಿದಳು: "ಅಪ್ಪಾ, ನಿನ್ನೆ ಯಾಕೆ ಅಷ್ಟು ಹೆದರಿಕೊಂಡೆ?" ನಾನು ಶಾಲನ್ನು ಕಿವಿ ಮುಚ್ಚುವಂತೆ ಹೊದ್ದು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ.