ಎಲ್ಲದರ ಬೆನ್ನು ನೋಡೋ ಹುಡುಗಿ

ನಮ್ಮ ಮೊಮ್ಮಗಳು ಈ ಜನ್ಮದಾಗ ಒಮ್ಮೆನೂ ನೆಟ್ಟಗ ಮುಂಬಾಗಿಲದಿಂದ ಯಾವ ಜಾಗಕ್ಕೂ ಹೋದಾಕಿ ಅಲ್ಲ. ಹಂಗಂತ ಕಳ್ಳಿ ಅಲ್ರಿ ಮತ್ತ! ಡಿಗ್ರಿ ಮಾಡ್ಯಾಳ, ಅದೂ ಬಾಗಲಕೋಟಿ ವಿದ್ಯಾಗಿರಿಯೊಳಗ. ನಾ ಮೂರನೇತ್ತಾಕ ಸಾಲಿ ಬಿಟ್ಟಾಕಿ. ಆಕಿ ಕರೇ ನಿಲುವಂಗಿ ತೊಟ್ಟು, ಮೂಲಿ ಟೊಪಗಿ ಹಾಕ್ಕೊಂಡು ಫೋಟೋ ತಗಸ್ಯಾಳ. ಆ ಫೋಟೋ ಕಟ್ಟು ಹಾಕಿಸಿ ಮನಿಗೆ ತಂದ ದಿನ ಆಕಿ ಮೊದಲ ಏನು ಮಾಡಿದ್ಲು ಹೇಳ್ರಿ ನೋಡೋಣು? ತಿರುಗಿಸಿ ಅದರ ಬೆನ್ನು ನೋಡಿದ್ಲು. ಮೊಳಿ ಸೊಟ್ಟ ಬಡದಾರಂತ ವಾಪಸ್ ಕಳಿಸಿದ್ಲು!

ಈ ಚಟ ಹಚ್ಚಿದಾಕಿ ನಾನ. ಸುಳ್ಳ್ಯಾಕ ಹೇಳ್ಲಿ.

ಗುಳೇದಗುಡ್ಡದಾಗ ನಮ್ಮದು ಕುಬಸದ ಖಣ ನೇಯೋ ಮನಿ. ಪಡಸಾಲ್ಯಾಗ ಮಗ್ಗ, ಅದರ ಬಾಜೂಕ ತೊಟ್ಟಿಲ. ಸೊಸಿಯಾಗಿ ಬಂದ ಹೊಸದಾಗ ನಾ ನೇದ ಮೊದಲನೇ ಖಣ ಕುಂಕುಮ ಬಣ್ಣದ್ದು. ಓಡಿ ಹೋಗಿ ಅತ್ತಿ ಮುಂದ ಹಿಡಿದೆ. ಅವರು ಮುಂದಿನ ಮಗ್ಗಲ ನೋಡಲೇ ಇಲ್ಲ, ಹೊರಳಿಸಿಬಿಟ್ರು. ಹಿಂದ ನೋಡಿದ್ರ ಕಡದ ಎಳಿಗೆ ನಾ ಹಾಕಿದ ಗಂಟೆಲ್ಲಾ ಸಾಲಾಗಿ ಕೂತಾವ! "ಇದನ್ನ ಪ್ಯಾಟಿಗೆ ಒಯ್ಯಬ್ಯಾಡವಾ" ಅಂದ್ರು, ಅಷ್ಟ. ಆ ಖಣ ಟ್ರಂಕಿನ ತಳಾ ಸೇರ್ತು. ಅವತ್ತಿನಿಂದ ಬಟ್ಟಿ ಕೈಗೆ ಬಂದ್ರ ನಾ ಮೊದಲ ಬೆನ್ನು ನೋಡಾಕಿ. ತೊಟ್ಟಿಲದಿಂದ ಇಳದು ಮಗ್ಗದ ಹಂತ್ಯಾಕ ಬಂದು ಕೂತ ಮೊಮ್ಮಗಳಿಗೂ ಅದನ್ನ ಕಲಿಸಿದೆ. ನಾ ಹೇಳಿದ್ದು ಬಟ್ಟಿಗೆ. ಆಕಿ ತಿಳಕೊಂಡಿದ್ದು ಜಗತ್ತಿಗೆ!

ಐದು ವರ್ಷದಾಕಿ ಇದ್ದಾಗ ತುಳಸಿಗೇರಿ ಹಣಮಪ್ಪನ ಗುಡಿಗೆ ಕರಕೊಂಡು ಹೋಗಿದ್ದೆ. ಶನಿವಾರ, ಪಾಳಿ ನೋಡಿದ್ರ ರಸ್ತೆತನಕ. ನಮ್ಮ ಪಾಳಿ ಬಂದಾಗ ಎಲ್ಲಾರೂ ಕೈ ಮುಗದ್ರ ಈಕಿ ಪೂಜಾರಪ್ಪಗ ಕೇಳಿದ್ಲು, ಹಣಮಪ್ಪನ ಬಾಲ ಎಲ್ಲಿಗೆ ಮುಗಿತೈತಿ, ಹಿಂದ ಹೋಗಿ ನೋಡ್ತೇನಿ ಅಂತ. ಬ್ಯಾಡಂದ್ರ ಅಲ್ಲೇ ಕೂತುಬಿಟ್ಲು. ಪಾಳ್ಯಾಗಿನ ಮಂದಿ ನನ್ನ ಮುಖಾ ನೋಡಿದ್ರು. ಪೂಜಾರಪ್ಪ ಭಾಳ ಶಾಣ್ಯಾ ಮನುಷ್ಯಾ, "ತಂಗಿ, ನಲವತ್ತು ವರ್ಷ ಪೂಜಿ ಮಾಡೇನಿ, ನಾನೂ ನೋಡಿಲ್ಲ" ಅಂದ. ಆವಾಗ ಎದ್ಲು.

ಸಣ್ಣಾಕಿ ಇದ್ದಾಗ ಇದೆಲ್ಲಾ ನಗೂದಾತು. ನೌಕರಿ ಹುಡುಕೋ ಹೊತ್ತಿಗೂ ಹಿಂಗ ಮಾಡಿದ್ರ?

ಇಳಕಲ್ಲಿನ ಒಂದು ಸೀರಿ ಅಂಗಡ್ಯಾಗ ಮೊದಲ ಕೆಲಸ ಸಿಕ್ತು. ಸೀರಿ ಬಿಚ್ಚಿ ತೋರಸೂದು, ಮತ್ತ ಮಡಚೂದು. ನಮ್ಮ ಹುಡುಗಿಗೆ ಹೇಳಿ ಮಾಡಿಸಿದಂಗ ಐತಿ ಅಂದುಕೊಂಡೆ. ಎರಡನೇ ದಿನ ಮದವಿ ಜವಳಿಗೆ ದೊಡ್ಡ ಮಂದಿ ಬಂದಿದ್ರಂತ. ಸಾಹುಕಾರ ಒಂದು ಸೀರಿ ಕೈಮಗ್ಗದ್ದಂತ ಎದಿ ಉಬ್ಬಿಸಿ ಹೇಳಾಕತ್ತಿದ್ದ. ಈಕಿ ಸೀರಿ ಹೊರಳಿಸಿ, ಬೆನ್ನಿನ ಮ್ಯಾಲ ಬೊಟ್ಟಾಡಿಸಿ, ಭಾಳ ಮೆತ್ತಗ ಹೇಳಿದ್ಲು: "ಇಲ್ರಿ ಮಾವಾರ, ಇದು ಕರೆಂಟಿನ ಮಗ್ಗದ್ದು." ಬೀಗರು ಬಾಜೂ ಅಂಗಡಿಗೆ ಹೋದ್ರು. ಈಕಿ ಮನಿಗೆ ಬಂದ್ಲು!

ಆಮ್ಯಾಲೆ ಬಾದಾಮಿ ಕಡೆ ಒಂದು ಖಾಸಗಿ ಸಾಲಿ. ವಿಜ್ಞಾನ ಕಲಿಸಾಕ ಸಂದರ್ಶನ. ಒಂದು ತಾಸು ಮೊದಲ ಹೋಗಿ ಸಾಲಿ ಹಿತ್ತಲಾಗ ಅಡ್ಡಾಡಿ ಬಂದಾಳ. ಹೆಡ್ ಮಾಸ್ತರು ಪಾಠದ ವಿಚಾರ ಕೇಳಿದ್ರ ಈಕಿ, ಹೆಣ್ಣಹುಡುಗ್ಯಾರ ಸಂಡಾಸಕ್ಕ ನೀರ ಇಲ್ಲಲ್ರಿ ಸರ್ ಅಂದಾಳ. ಅವರು ಚಸ್ಮಾ ತಗದು, "ನಾವು ಕರದಿದ್ದು ಪಾಠ ಕಲಿಸಾಕವ್ವಾ, ತಪಾಸಣಿಗಲ್ಲ" ಅಂದ್ರಂತ.

ಮೂರನೇದ್ದು ಬಾಗಲಕೋಟ್ಯಾಗ ಒಂದು ಆಫೀಸು. ಗಾಜಿನ ಬಾಗಲಾ, ತಣ್ಣಗ ಗಾಳಿ. ನಮ್ಮ ಹುಡುಗಿ ಹಿಂದಿನ ಗೇಟಿನಾಗ ವಾಚಮನ್ ಜೋಡಿ ಕೂತು ರೊಟ್ಟಿ ತಿಂದು, ತನಗ ಕೊಡೋ ಖುರ್ಚಿ ಮ್ಯಾಲ ಮೊದಲ ಕೂತ ಮೂರು ಹುಡುಗ್ಯಾರು ವರ್ಷದೊಳಗ ಅಳಕೋತ ಬಿಟ್ಟು ಹೋದ ಸುದ್ದಿ ತಿಳಕೊಂಡು, ಆಮ್ಯಾಲೆ ಒಳಗ ಹೋದ್ಲು. ಕಡೀಕ ಅವರು, ನಿಂದೇನರ ಕೇಳೂದೈತೇನು ಅಂದ್ರು. ಕೇಳಿದ್ಲು! ಆ ಮೂರೂ ಮಂದಿ ಈಗ ಎಲ್ಲಿ ಅದಾರ್ರಿ ಅಂತ!

ಹಿಂಗ ಎರಡು ವರ್ಷ ಆತು. ಆಕಿ ಜೋಡಿ ಕಲಿತವ್ರೆಲ್ಲಾ ಕೆಲಸಕ್ಕ ಹತ್ತಿದ್ರು. ಓಣ್ಯಾಗ ಹೆಣ್ಣಮಕ್ಕಳು, "ಏನಬೇ, ನಿನ್ನ ಮೊಮ್ಮಗಳಿಗೆ ಇನ್ನೂ ಯಾವ ಹಿತ್ತಲಾನೂ ಪಾಸ್ ಆಗಿಲ್ಲೇನು?" ಅಂತಿದ್ರು. ನಾನೂ ನಗತಿದ್ದೆ. ಆದರ ಒಂದಿನ ನನ್ನ ಮಗ, ಆಕಿ ಅಪ್ಪ, ಮಗ್ಗ ನಿಂದರಸಿ ನನ್ನ ಕಡೆ ಹೊಳ್ಳಿದ.

"ಅವ್ವಾ, ಕಣ್ಣು ಮುಚ್ಚಿಕೊಂಡು ಮುಂಬಾಗಿಲದಿಂದ ಹೋದವ್ರು ಬದುಕಾಕತ್ತಾರ. ಈಕಿಗೆ ಹಿತ್ತಲ ತೋರಿಸಿದಾಕಿ ನೀ."

ನನಗ ಅತ್ತಿ ಮುಂದ ಆ ಖಣ ಹಿಡಕೊಂಡು ನಿಂತಾಗಿನ ಹಂಗ ಆತು. ಒಂದು ಹುಡುಗಿ ಬಾಳೇವು ಗಂಟು ಬಿದ್ದೈತಿ, ಆ ಗಂಟು ಹಾಕಿದಾಕಿ ನಾ.

ಅದ ವಾರ ಆಕಿ, "ಆಯಿ, ನಡಿ, ಒಂದು ಜಾಗಾ ನೋಡೂದೈತಿ" ಅಂತ ನನ್ನ ಎಬ್ಬಿಸಿಕೊಂಡು ಹೋದ್ಲು. ಎಲ್ಲಿಗೆ? ಬಸ್ ಡಿಪೋ ಹಿಂದಿನ ಗೇಟಿಗೆ! ಅಲ್ಲಿ ಬೇವಿನ ಗಿಡದ ಬುಡಕ ಇಬ್ಬರು ಕಂಡಕ್ಟರ್ ಹೆಣ್ಣಮಕ್ಕಳು ಕೂತಿದ್ರು. ಒಬ್ಬಾಕಿ ಬಾತ ಪಾದ ಬಕೆಟ್ಟಿನ ನೀರಾಗ ಇಟ್ಟಿದ್ಲು. ಇನ್ನೊಬ್ಬಾಕಿ ಡಬ್ಬಿ ಬಿಚ್ಚಿದ್ಲು. ನಮ್ಮಾಕಿ ಹೋಗಿ ಬಾಜೂಕ ಕೂತು ಕೇಳಿದ್ಲು, "ಅಕ್ಕಾರ, ಈ ಕೆಲಸದ ಬೆನ್ನು ಹೆಂಗೈತ್ರಿ?"

ಪಾದ ನೆನಸಿದಾಕಿ ನಕ್ಕಳು. "ಕಾಲು ಬಾಯ್ತಾವ, ಗಂಟಲಾ ಹರೀತೈತಿ, ಚಿಲ್ಲರ ಸಲುವಾಗಿ ದಿನಾ ಜಗಳ. ಹ್ವಾದ ವಾರ ನನ್ನ ಮಗಳು ದವಾಖಾನ್ಯಾಗ ಇದ್ಲು, ನನ್ನ ಡ್ಯೂಟಿ ಈಕಿ ಮಾಡಿದ್ಲು. ಕೇಳಾಕೂ ಹೋಗಿರಲಿಲ್ಲ ನಾ." ಅಂತ ಹೇಳಿ, ಬಾಜೂದಾಕಿ ಡಬ್ಬಿಗೆ ಕೈ ಹಾಕಿ ರೊಟ್ಟಿ ಮುರಕೊಂಡ್ಲು. ಡಬ್ಬಿಯಾಕಿ ಪಲ್ಯಾನೂ ಆಕಿ ಕಡೆ ಸರಿಸಿದ್ಲು.

ಹೊರಗ ಬಂದ ಮ್ಯಾಲ ನಾ ಕೇಳಿದೆ, ಏನವ್ವಾ, ಇದೂ ನಾಪಾಸೇನು?

"ಗಂಟು ಅದಾವ ಆಯಿ. ಆದರ ಬಿಗಿ ಅದಾವ."

ಕಂಡಕ್ಟರ್ ಕೆಲಸಕ್ಕ ಅರ್ಜಿ ಹಾಕಿದ್ಲು, ಲೈಸೆನ್ಸ್ ಮಾಡಿಸಿದ್ಲು, ಪರೀಕ್ಷಾ ಬರದ್ಲು. ಎತ್ತರ ಅಳದ್ರು, ಒಂದು ಎಳಿಯಷ್ಟರಾಗ ದಾಟಿದ್ಲು. ಆ ಅಳಿಯೋ ಕೋಲಿನ ಬೆನ್ನೂ ನೋಡಿರಬೇಕು ಬಿಡ್ರಿ! ಕಡೀಕ ಪಟ್ಟಿಯೊಳಗ ಹೆಸರು ಬಂತು. ನನ್ನ ಮಗ ಓಣಿ ತುಂಬ ಫೇಡೇ ಹಂಚಿದ. ಹಿತ್ತಲದ ಮಾತಾಡಿದ್ದ ಅಷ್ಟೂ ಮಂದಿಗೆ ಎರಡೆರಡು!

ಮೊದಲನೇ ಡ್ಯೂಟಿ ದಿನ ಮುಂಜಾನಿ ಆಕಿ ಖಾಕಿ ಅಂಗಿ ತಂದು ನನ್ನ ತೊಡಿ ಮ್ಯಾಲ ಇಟ್ಲು. "ನೋಡು ಆಯಿ." ನಾ ಮುಂದಿನ ಮಗ್ಗಲ ನೋಡ್ತೇನೇನು? ಒಳಗಿನ ಮಗ್ಗಲ ಹೊರಳಿಸಿದೆ. ಎದಿ ಮ್ಯಾಲಿನ ಕಿಸೆ ಹಿಂದ, ಯಾರಿಗೂ ಕಾಣದಲ್ಲಿ, ಅಂಗೈಯಷ್ಟು ಕುಂಕುಮ ಬಣ್ಣದ ಖಣ ಹೊಲದಿದ್ಲು. ನಂದ, ಟ್ರಂಕಿನ ತಳದ್ದು. ಅದೂ ತಿರುವಿ, ಬೆನ್ನು ಮ್ಯಾಲ ಮಾಡಿ.

"ಇದು ಪ್ಯಾಟಿಗೆ ಹೋಗೋ ಖಣ ಅಲ್ಲವ್ವಾ" ಅಂದೆ.

"ಬೆನ್ನು ನೋಡಿನ ಆರಿಸೇನಿ ಆಯಿ. ಒಂದು ಗಂಟು ಜಗ್ಗಿ ನೋಡು."

ಜಗ್ಗಿದೆ. ಹದಿನೇಳು ವರ್ಷದ ಸೊಸಿ ಅಂಜಿಕೋತ ಹಾಕಿದ ಗಂಟು. ಇಷ್ಟು ವರ್ಷದಾಗ ಒಂದೂ ಬಿಚ್ಚಿರಲಿಲ್ಲ.

ಅವತ್ತ ಬಾಗಲಕೋಟಿಯಿಂದ ಇಳಕಲ್ಲಿಗೆ ಹೊಂಟ ಆಕಿ ಬಸ್ಸಿನಾಗ ನಾನೂ ಹತ್ತಿದೆ. ಟಿಕೆಟ್, ಟಿಕೆಟ್ ಅಂತ ಕೂಗಿಕೋತ ಬಂದಾಕಿ ನನ್ನ ಮುಂದ ನಿಂತು, ಗುರ್ತ ಇಲ್ಲದವರಂಗ ಆಧಾರ್ ಕಾರ್ಡ್ ಕೇಳಿದ್ಲು. ಕೊಟ್ಟೆ. ಹೊರಳಿಸಿ ಬೆನ್ನು ನೋಡಿದ್ಲು!

"ಎಲ್ಲಿಗ್ರಿ ಆಯಿ?"

"ಬಸ್ಸು ಎಲ್ಲಿತನಕ ಹೋಗ್ತೈತಿ, ಅಲ್ಲಿತನಕ ಕೊಡವ್ವಾ."

ಹೆಣ್ಣಮಕ್ಕಳ ಪುಕ್ಕಟ ಟಿಕೆಟ್ ಹರದು ಕೈಯಾಗಿಟ್ಟು ಸೀಟಿ ಊದಿದ್ಲು. ಬಸ್ ತುಂಬಿದ ಮಂದಿ ಖಾಕಿ ಅಂಗಿ ನೋಡಿದ್ರು. ಅದರ ಬೆನ್ನು ಗೊತ್ತಿದ್ದಾಕಿ ಆ ಬಸ್ಸಿನಾಗ ನಾ ಒಬ್ಬಾಕಿನ.