ಎರಡು ಕಿವಿ, ಎರಡು ಫೋನು, ಒಬ್ಬಳೇ ಚಿಕ್ಕಮ್ಮ

ಫ್ಯಾನ್ ಕಂಪನಿಯ ದೂರು ವಿಭಾಗದಲ್ಲಿ ಒತ್ತಡ ಎಂಬುದು ಇಲ್ಲ. ಇದು ನನ್ನ ಮಾತಲ್ಲ. ಅಳೆದು, ಸಹಿ ಹಾಕಿ, ಮೊಹರು ಒತ್ತಿ ಗೋಡೆಗೆ ಅಂಟಿಸಿದ್ದಾರೆ. ಆ ಕಾಗದದ ಕೆಳಗಿನ ಕುರ್ಚಿಯಲ್ಲೇ ನಮ್ಮ ಚಿಕ್ಕಮ್ಮ ಹನ್ನೊಂದು ವರ್ಷದಿಂದ ಕೂತಿದ್ದಾಳೆ. ಮುಂದಿನದೆಲ್ಲ ಅವಳು ಹೇಳಿದ್ದು. ನಾನು ಉಪ್ಪುಖಾರ ಹಚ್ಚಿಲ್ಲ, ಹಚ್ಚೋಕೆ ಜಾಗವೇ ಉಳಿದಿರಲಿಲ್ಲ.

ಕೆಲಸ ಬಹಳ ಸುಲಭ. ಫ್ಯಾನ್ ತಿರುಗದವರು ಫೋನ್ ಮಾಡಿ ಬೈಯುತ್ತಾರೆ, ಚಿಕ್ಕಮ್ಮ ಬೈಸಿಕೊಳ್ಳುತ್ತಾಳೆ. ಮೂರು ನಿಮಿಷದೊಳಗೆ ಬೈಗುಳ ಮುಗಿದು, ಬೈದವರು ತಮ್ಮ ಬಾಯಿಂದಲೇ "ತೃಪ್ತಿಯಾಯಿತು" ಅನ್ನಬೇಕು. ನಗು ದನಿಯಲ್ಲಿ ಕೇಳಿಸಬೇಕು ಅಂತ ಪ್ರತಿ ಮೇಜಿನ ಮೇಲೂ ಒಂದು ಕನ್ನಡಿ ಇಟ್ಟಿದ್ದಾರೆ. ಅದರ ಪಕ್ಕದಲ್ಲಿ ಸೂಚನೆ: "ಕರೆಯ ಅವಧಿಯಲ್ಲಿ ತುಟಿಯ ಎರಡೂ ತುದಿಗಳು ಕೆನ್ನೆಯ ಕಡೆಗೆ ಕನಿಷ್ಠ ಒಂದು ಬೆರಳಿನಷ್ಟು ಸರಿದಿರತಕ್ಕದ್ದು."

ಸರಿದ ತುಟಿ ವಾಪಸ್ ಬರೋದನ್ನೇ ಮರೆತಿತು. ಪಕ್ಕದ ಬೀದಿಯ ಸಾವಿನ ಮನೆಗೆ ಹೋದ ಚಿಕ್ಕಮ್ಮ ಅರ್ಧ ಗಂಟೆ ಹಲ್ಲು ಕಿರಿದುಕೊಂಡೇ ಕೂತು ಬಂದಳು. ಆ ಮನೆಯವರು ಈಗಲೂ ನಮ್ಮನ್ನು ಮಾತಾಡಿಸಲ್ಲ. ಮನೆಯಲ್ಲೂ ಹಾಗೇ. ಸಾರಿಗೆ ಉಪ್ಪು ಜಾಸ್ತಿ ಅಂತ ಚಿಕ್ಕಪ್ಪ ಅಂದರೆ, "ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಬೇರೇನಾದರೂ ಸಹಾಯ ಬೇಕೇ?"

"ಬೇಡ ಮಾರಾಯ್ತಿ," ಅಂದ ಚಿಕ್ಕಪ್ಪ. "ಒಂದ್ಸಲ ಬೈದ್ಬಿಡು. ಮನೆ ಮನೆ ಥರ ಇರ್ಲಿ."

ಅವಳಿಗೆ ಬೇಕಿದ್ದದ್ದು ಒಂದೇ: ಗೋದಾಮಿಗೆ ವರ್ಗ. ಅಲ್ಲೂ ಫ್ಯಾನುಗಳೇ, ಆದರೆ ಡಬ್ಬದೊಳಗೆ ಬಾಯಿ ಮುಚ್ಕೊಂಡು ಇರುತ್ತವೆ. ರಾತ್ರಿಯೆಲ್ಲ ದವಡೆ ನೋವು ಅಂತ ಹೊರಳಾಡುವವಳಿಗೆ ಅದೇ ಸ್ವರ್ಗ.

ಅಷ್ಟರಲ್ಲಿ ಕಂಪನಿ ಒತ್ತಡ ಅಳೆಯಲು ಒಬ್ಬರನ್ನು ಕರೆಸಿತು. ಅಳತೆ ಸಾರ್ ಅಂತಲೇ ಎಲ್ಲರೂ ಕರೆದರು. ನಲವತ್ತು ಪ್ರಶ್ನೆ, ನೂರು ಅಂಕ. ಅರವತ್ತು ದಾಟಿದವರಿಗೆ ಕೇಳಿದ ಕಡೆ ವರ್ಗ.

ಹಿಂದಿನ ಸಂಜೆ ನಾನೇ ಅಳತೆ ಸಾರ್ ಆಗಿ, ಚಿಕ್ಕಪ್ಪನ ಕನ್ನಡಕ ಏರಿಸಿಕೊಂಡು ತಾಲೀಮು ಮಾಡಿಸಿದೆ.

"ಕೆಲಸದ ಹೊರೆ ಹೇಗಿದೆಯಮ್ಮಾ?"

"ಸತ್ತೇ ಹೋಗ್ತೀನಿ ಸಾರ್!"

ತೊಂಬತ್ತೈದು ಅಂಕ ಕೊಟ್ಟೆ. ನಾನು ಕಲಿಸಿದವರಲ್ಲಿ ಪಾಸಾದವಳು ಅವಳೊಬ್ಬಳೇ. ನಾನೂ ಆಗಿಲ್ಲ.

ಮರುದಿನ ಆದದ್ದಿಷ್ಟು. ದೂರು ವಿಭಾಗದವರು ಕುರ್ಚಿ ಬಿಟ್ಟು ಏಳುವಂತಿಲ್ಲ. ಹಾಗಾಗಿ ಅಳತೆ ಸಾರ್ ಮೇಲಿನ ಕೋಣೆಯಲ್ಲಿ ಕೂತು ಫೋನಿನಲ್ಲೇ ಪ್ರಶ್ನೆ ಕೇಳಿದರು. ಫೋನ್ ರಿಂಗಾಯಿತು. ಚಿಕ್ಕಮ್ಮನ ಕೈ ತಾನಾಗೇ ಎತ್ತಿತು, ಕಣ್ಣು ಕನ್ನಡಿಗೆ ಹೋಯಿತು, ತುಟಿ ಕೆನ್ನೆಗೆ ಹೋಯಿತು.

"ಕೆಲಸದ ಹೊರೆ ಹೆಚ್ಚೆನಿಸುತ್ತದೆಯೇ?"

"ಖಂಡಿತ ಇಲ್ಲ ಸಾರ್! ನಿಮ್ಮ ಕರೆ ನಮಗೆ ಅಮೂಲ್ಯ."

"ನಿದ್ದೆ ಬರುತ್ತದೆಯೇ?"

"ತುಂಬಾ ಚೆನ್ನಾಗಿ ಸಾರ್. ಬೇರೇನಾದರೂ ಸಹಾಯ ಬೇಕೇ?"

ನಲವತ್ತು ಪ್ರಶ್ನೆಯೂ ಮೂರು ನಿಮಿಷದಲ್ಲಿ ಮುಗಿದವು. ಅಳತೆ ಸಾರ್ ತೃಪ್ತರಾದರು. ಚಿಕ್ಕಮ್ಮನಿಗೆ ಸೊನ್ನೆ. ಅವಳಿಗೆ ಮಾತ್ರವಲ್ಲ, ಇಡೀ ವಿಭಾಗಕ್ಕೇ ಸೊನ್ನೆ.

ಗೋದಾಮಿನಲ್ಲಿ ಫೋನಿಲ್ಲ. ಅಲ್ಲಿಗೆ ಅಳತೆ ಸಾರ್ ಖುದ್ದಾಗಿ ಹೋಗಿ, ರಟ್ಟಿನ ಡಬ್ಬದ ಮೇಲೆ ಮಲಗಿದ್ದ ಗೋದಾಮಣ್ಣನನ್ನು ಅಲುಗಾಡಿಸಿ ಎಬ್ಬಿಸಿದರು.

"ನಿಮಗೆ ಒತ್ತಡ ಇದೆಯೇ?"

"ಈಗ ತಾನೇ ಶುರುವಾಯ್ತು," ಅಂದ ಗೋದಾಮಣ್ಣ.

ಅವನಿಗೆ ತೊಂಬತ್ತೆರಡು ಅಂಕ. ಕೇಳಿದ ಕಡೆ ವರ್ಗ ಕೊಡ್ತೀವಿ ಅಂದಾಗ ಅವನು ಅದೇ ಡಬ್ಬ ಕೇಳಿದ.

ವಾರದೊಳಗೆ ಪ್ರಕಟಣೆ ಹೊರಬಿತ್ತು: "ಗೋದಾಮನ್ನು ಅತಿ ಒತ್ತಡದ ವಲಯವೆಂದು ಘೋಷಿಸಲಾಗಿದ್ದು, ಒತ್ತಡದ ಅಭ್ಯಾಸವಿಲ್ಲದವರನ್ನು ಅಲ್ಲಿಗೆ ವರ್ಗಾಯಿಸತಕ್ಕದ್ದಲ್ಲ. ಅಲ್ಲಿನ ಸಿಬ್ಬಂದಿಯನ್ನು ಎಬ್ಬಿಸತಕ್ಕದ್ದಲ್ಲ. ದೂರು ವಿಭಾಗದವರಿಗೆ ಕೆಲಸ ಸಾಲದಿರುವುದು ಕಂಡುಬಂದಿದ್ದು, ತಲಾ ಇನ್ನೊಂದು ಫೋನ್ ಒದಗಿಸಲಾಗಿದೆ. ಪ್ರತಿ ನೌಕರನಿಗೂ ಎರಡು ಕಿವಿಗಳಿರುವುದನ್ನು ಖಚಿತಪಡಿಸಿಕೊಳ್ಳಲಾಗಿದೆ."

ಚಿಕ್ಕಮ್ಮ ಊಟದ ಹೊತ್ತಿನಲ್ಲಿ ಮ್ಯಾನೇಜರ ಹತ್ತಿರ ಓಡಿದಳು.

"ಸಾರ್, ನನಗೆ ತುಂಬಾ ಕಷ್ಟ ಆಗ್ತಿದೆ."

"ನಗ್ತಾ ಇದ್ದೀರಲ್ಲಮ್ಮ."

"ಅದೇ ಸಾರ್ ಕಷ್ಟ."

ಮ್ಯಾನೇಜರು ಕೆಟ್ಟವರಲ್ಲ. ಎದ್ದು ಬಾಗಿಲ ತನಕ ಬಂದು ಬುದ್ಧಿ ಹೇಳಿದರು. "ನೋಡಿ, ಹೀಗೆ ಬಂದು ನನ್ನ ಹತ್ರ ಹೇಳ್ಕೊಂಡ್ರೆ ಆಗಲ್ಲ. ದೂರು ಅಂದ್ಮೇಲೆ ದೂರು ವಿಭಾಗಕ್ಕೆ ಫೋನ್ ಮಾಡ್ಬೇಕು. ನಿಯಮ ಎಲ್ಲರಿಗೂ ಒಂದೇ."

ನಿಯಮದ ಪ್ರಕಾರ ಚಿಕ್ಕಮ್ಮ ತನ್ನ ಕುರ್ಚಿಗೆ ವಾಪಸ್ ಹೋಗಿ, ಎಡಗಡೆಯ ಫೋನಿನಿಂದ ನಂಬರ್ ತಿರುಗಿಸಿದಳು. ಉಳಿದವರ ಫೋನೆಲ್ಲ ಬಿಡುವಿಲ್ಲದೆ ಇದ್ದವು. ಅವಳ ಬಲಗಡೆಯ ಫೋನ್ ರಿಂಗಾಯಿತು. ಎತ್ತದೆ ಇರೋಕೆ ಆಗುತ್ತಾ? ಎತ್ತಿದಳು.

ಎಡಗಿವಿಯ ಕಡೆಯಿಂದ ಹನ್ನೊಂದು ವರ್ಷದ್ದೆಲ್ಲ ಕಾರಿಕೊಂಡಳು: ದವಡೆ, ನಿದ್ದೆ, ಸಾವಿನ ಮನೆ, ಗೋದಾಮು. ಅತ್ತಳು ಕೂಡ. ಬಲಗಿವಿಯ ಕಡೆಯಿಂದ ಕನ್ನಡಿ ನೋಡಿಕೊಂಡು ಸಮಾಧಾನ ಮಾಡಿದಳು. ಎರಡು ನಿಮಿಷ ಐವತ್ತು ಸೆಕೆಂಡಿಗೆ ಬಲಗಡೆಯವಳು "ತಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ, ತೃಪ್ತಿಯಾಯಿತೇ?" ಅಂದಳು. ಎಡಗಡೆಯವಳು ಮೂಗು ಒರೆಸಿಕೊಂಡು, "ಆಯ್ತಮ್ಮ, ಪಾಪ, ನಿಮಗೂ ಎಷ್ಟು ಕೆಲಸವೋ," ಅಂದಳು. ದೂರು ಮುಕ್ತಾಯ.

ಆ ಧ್ವನಿಮುದ್ರಣವನ್ನು ಮ್ಯಾನೇಜರು ಎಲ್ಲರಿಗೂ ಕೇಳಿಸಿದರು. "ಎಂಥ ರಂಪದ ಗಿರಾಕಿ ನೋಡಿ. ಆದ್ರೂ ಹೇಗೆ ಸಂಭಾಳಿಸಿದ್ದಾರೆ!" ಚಿಕ್ಕಮ್ಮನ ಕನ್ನಡಿಗೆ "ಮಾದರಿ ಸಿಬ್ಬಂದಿ" ಅಂತ ಚೀಟಿ ಅಂಟಿಸಿದರು, ಈಗ ಅರ್ಧ ಮುಖ ಮಾತ್ರ ಕಾಣುತ್ತೆ. ಅಂದಿನಿಂದ ಪ್ರತಿ ಬುಧವಾರ ಎಲ್ಲರೂ ಎಡದಿಂದ ಬಲಕ್ಕೆ ಫೋನ್ ಮಾಡಿಕೊಂಡು ಹಗುರಾಗುತ್ತಾರೆ.

ಸಂಜೆ ಚಿಕ್ಕಪ್ಪ ತಟ್ಟೆ ಮುಂದೆ ಕೂತು ಕೇಳಿದ. "ಗೋದಾಮಿನ ವಿಷಯ ಏನಾಯ್ತು?"

"ಪರಿಶೀಲಿಸ್ತೀವಿ ಅಂದ್ರು. ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ? ಬೈಯೋಕೇ ಮನಸ್ಸಾಗ್ಲಿಲ್ಲ."

"ಯಾರು ಹಾಗಂದಿದ್ದು?"

"ನಾನೇ."

ಚಿಕ್ಕಪ್ಪ ನಿರಾಳವಾಗಿ ಸಾರು ಬಡಿಸಿಕೊಂಡ.

"ಹಾಗಾದ್ರೆ ಆಗ್ತದೆ ಬಿಡು. ಒಳಗೆ ಪರಿಚಯದವರೇ ಇದ್ದಾರಲ್ಲ."